ಒಂಟಿಗೈ ಚಾಕು, ಗುಬ್ಬಿಯ ಗುಲಾಬಿ

ಹೋದ ತಿಂಗಳು ತುಮಕೂರಿನಿಂದ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ನಾನು ಚಾಕು ತೆಗೆದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಬುಟ್ಟಿ ಎತ್ತಿಕೊಂಡು ಕಿಟಕಿಯ ಕಡೆಗೆ ಸರಿದಳು. ಹಿಂದಿನ ಸೀಟಿನವರು ಕತ್ತು ಚಾಚಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು, "ಅಜ್ಜೀ, ಏನಿದು? ಸಿನಿಮಾದಲ್ಲಿ ವಿಲನ್ ತೆಗ್ದಂಗೆ ತೆಗೀತಿದೀರಲ್ಲ!" ಎಂದ.

ವಿಲನ್ ಆಗುವ ವಯಸ್ಸು ನನ್ನದು ದಾಟಿ ಬಹಳ ಕಾಲವಾಯಿತು. ನಾನು ಪ್ರಾಕ್ಟೀಸ್ ಮಾಡುತ್ತಿದ್ದೆ, ಅಷ್ಟೆ.

ಈ ಅಂಕಣ ಓದುವವರಿಗೆ ನನ್ನ ಎಡಗೈಯ ಕಥೆ ಗೊತ್ತು. ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದೆ, ಮಣಿಕಟ್ಟು ಮುರಿಯಿತು, ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಬಂತು. (ಹುಷಾರಾಗಿ ಎಂದು ಕಾಗದ ಬರೆದ ಎಲ್ಲರಿಗೂ ಥ್ಯಾಂಕ್ಸ್. ಮೂಳೆಗೆ ಹಚ್ಚುವ ಎಣ್ಣೆ ಕಳಿಸಿದ ನಿಟ್ಟೂರಿನ ಓದುಗರೇ, ಅದು ಪ್ಲಾಸ್ಟರಿನ ಒಳಕ್ಕೆ ಇಳಿಯುವುದಿಲ್ಲ. ತಲೆಗೆ ಹಚ್ಚಿಕೊಂಡೆ. ಒಳ್ಳೆಯ ನಿದ್ದೆ ಬಂತು.)

ಒಂದು ಕೈಯಲ್ಲಿ ಬದುಕಬಹುದು. ಊಟ ಮಾಡಬಹುದು, ನಾವು ಮಾಡುವುದೇ ಹಾಗೆ. ಕಾಲಂ ಬರೆಯಬಹುದು. ಸೀರೆ ಉಡಿಸಲು ಮನೆಯಲ್ಲಿ ತಂಗಿ ಇದ್ದಾಳೆ, ಬೈದುಕೊಂಡೇ ಉಡಿಸುತ್ತಾಳೆ. ಆದರೆ ಮಡಿಸುವ ಚಾಕು? ಅದನ್ನು ಕಂಡುಹಿಡಿದವನು ಮನುಷ್ಯನಿಗೆ ಎರಡು ಕೈ ಇದ್ದೇ ಇರುತ್ತದೆಂದು ಗಟ್ಟಿಯಾಗಿ ನಂಬಿದವನು. ಒಂದು ಕೈ ಹಿಡಿಯನ್ನು ಹಿಡಿದಿರಬೇಕು, ಇನ್ನೊಂದು ಕೈಯ ಉಗುರು ಅಲಗಿನ ಗೀರಿಗೆ ಸಿಕ್ಕಿ ಅದನ್ನು ಹೊರಗೆಳೆಯಬೇಕು. ಎರಡನೆಯದು ಇಲ್ಲದಿದ್ದರೆ? ಅದು ಅವನ ಲೆಕ್ಕಕ್ಕೇ ಬಂದಿಲ್ಲ.

ಪ್ಲಾಸ್ಟರ್ ಹಾಕಿಕೊಂಡ ಮುದುಕಿಗೆ ಚಾಕು ಯಾಕೆ ಬೇಕು ಎಂದು ನೀವು ಕೇಳಬಹುದು. ನನ್ನ ತಂಗಿಯೂ ಅದನ್ನೇ ಕೇಳಿದಳು.

ಸಕೀನಾಗಾಗಿ ಬೇಕಾಗಿತ್ತು. ಸಕೀನಾ ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹುಟ್ಟಿ, ನನ್ನ ಕಣ್ಣೆದುರಿಗೆ ಬೆಳೆದು, ಗುಬ್ಬಿಗೆ ಮದುವೆಯಾಗಿ ಹೋದವಳು. ಗಂಡ ರಶೀದ್ ಸಾಬರು ಟ್ರಂಕ್ ಮಾಡುತ್ತಾರೆ, ಬೀಗ ರಿಪೇರಿ ಮಾಡುತ್ತಾರೆ. ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಗುಲಾಬಿ ಗಿಡ. ಅತ್ತೆ ನೆಟ್ಟದ್ದು. ಕಡು ಕೆಂಪು, ದಪ್ಪ ಎಸಳು, ಬಾಗಿಲು ತೆಗೆದರೆ ಬೀದಿಗೆ ಬರುವ ವಾಸನೆ. ಆ ಎಸಳಿಗೆ ಸಕ್ಕರೆ ಹಾಕಿ ಭರಣಿಯಲ್ಲಿ ಬಿಸಿಲಿಗಿಟ್ಟು ಸಕೀನಾ ಗುಲ್ಕನ್ ಮಾಡುತ್ತಾಳೆ. ಗುಬ್ಬಿಯ ಬೀಡಾ ಅಂಗಡಿಯವರು ಬೇರೆ ಯಾರ ಗುಲ್ಕನ್ನನ್ನೂ ಮುಟ್ಟುವುದಿಲ್ಲ. ಮಗಳು ಶಮೀಮಳನ್ನು ಕುಣಿಗಲ್ಲಿಗೆ ಮದುವೆ ಮಾಡಿಕೊಡುವಾಗ ಅವಳ ಕೊರಳಿಗೆ ಬಿದ್ದ ಚೈನು ಆ ಗಿಡದ್ದೇ ಎಂದು ಸಕೀನಾ ಈಗಲೂ ಹೇಳುತ್ತಾಳೆ.

ಆ ಗಿಡ ಈಗ ಹೋಗಬೇಕಾಗಿ ಬಂತು. ಮನೆಯ ಓನರ್ ಹಿತ್ತಲಿನಲ್ಲಿ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುತ್ತಾರಂತೆ. ಗುಂಡಿಗೆ ಗುರುತು ಹಾಕಿದ ಜಾಗ ಸರಿಯಾಗಿ ಗಿಡದ ಬುಡ. ಸಕೀನಾ ಬೇಡಿಕೊಂಡರೆ ಅವರು, "ಗಿಡ ತಾನೇ ಕಣಮ್ಮ, ಸಂತೇಲಿ ಬೇಕಾದಷ್ಟು ಸಿಕ್ತವೆ" ಎಂದು ಹೇಳಿ ಹೋದರಂತೆ. ತಗಡು ತರಲು ತುಮಕೂರಿಗೆ ಬಂದ ರಶೀದ್ ಸಾಬರು ನಮ್ಮ ಮನೆಗೆ ಬಂದು, "ಅಕ್ಕ, ನಾಡಿದ್ದು ಆಳು ಬರ್ತಾರೆ. ಇವ್ಳು ಊಟ ಬಿಟ್ಟವ್ಳೆ" ಎಂದರು.

ಮುದಿ ಗಿಡ, ಕಿತ್ತು ನೆಟ್ಟರೆ ಬದುಕುವುದಿಲ್ಲ. ಕಡ್ಡಿ ಚುಚ್ಚಿದರೆ ಚಿಗುರುವ ಜಾತಿಯೂ ಅಲ್ಲ, ನಾನೇ ಚುಚ್ಚಿ ಚುಚ್ಚಿ ಸೋತಿದ್ದೇನೆ. ಉಳಿದ ದಾರಿ ಒಂದೇ, ಕಣ್ಣು ಕಸಿ. ಎಲೆಯ ಬುಡದಲ್ಲಿರುವ ಮೊಗ್ಗಿನ ಕಣ್ಣನ್ನು ಸಿಪ್ಪೆಸಮೇತ ತೆಳ್ಳಗೆ ಹೆರೆದು ತೆಗೆಯಬೇಕು. ಕಾಡುಗುಲಾಬಿಯ ಕಾಂಡದಲ್ಲಿ ಇಂಗ್ಲಿಷಿನ ಟೀ ಅಕ್ಷರದ ಹಾಗೆ ಗೀರಿ, ಸಿಪ್ಪೆ ಬಿಡಿಸಿ, ಈ ಕಣ್ಣನ್ನು ಅದರೊಳಗೆ ಕೂರಿಸಿ, ನಾರಿನಿಂದ ಕಟ್ಟಬೇಕು. ಹಿಡಿದರೆ ಹೊಸ ಗಿಡ, ಹಿಡಿಯದಿದ್ದರೆ ಕಪ್ಪು ಚುಕ್ಕೆ. ಕಾಡುಗುಲಾಬಿಯನ್ನು ಸಕೀನಾ ನನ್ನ ಮಾತು ಕೇಳಿ ಎಂದೋ ನಾಲ್ಕು ಎಣ್ಣೆ ಡಬ್ಬಗಳಲ್ಲಿ ಬೆಳೆಸಿಟ್ಟಿದ್ದಳು. "ಮಾಗಿ ಚಳಿ ಬರಲಿ, ಬಂದು ಕಟ್ಟಿಕೊಡ್ತೀನಿ" ಎಂದಿದ್ದೆ. ಮಾಗಿ ಬಂತು. ಜೊತೆಗೆ ಪ್ಲಾಸ್ಟರೂ ಬಂತು.

ಹಾಗಾಗಿ ಬಸ್ಸು, ಹಾಗಾಗಿ ಚಾಕು.

ಕಂಡಕ್ಟರನಿಗೆ ಕಥೆಯನ್ನು ಚುಟುಕಾಗಿ ಹೇಳಿದೆ. ಅಲ್ಲಿಂದ ಬಸ್ಸು ಬಸ್ಸಾಗಿ ಉಳಿಯಲಿಲ್ಲ, ಸೆಮಿನಾರ್ ಹಾಲ್ ಆಯಿತು.

"ಹಲ್ಲಲ್ಲಿ ಕಚ್ಚಿ ಎಳೀರಿ" ಎಂದರು ಚೇಳೂರಿನ ಕಡೆಯ ಯಜಮಾನರೊಬ್ಬರು. "ನಾನು ತೆಂಗಿನ ಮರದ ಮ್ಯಾಲೆ ಒಂದು ಕೈಯಲ್ಲಿ ಮರ ತಬ್ಕಂಡು, ಹಂಗೇ ತೆಗಿಯೋದು."

"ನನ್ನ ಹಲ್ಲು ರಾತ್ರಿ ಲೋಟದಲ್ಲಿ ಮಲಗುತ್ತೆ ಯಜಮಾನ್ರೇ" ಎಂದೆ.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನದು ಬೇರೆ ಪಂಥ. ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ಹಿಡಿಯನ್ನು ಕೆಳಕ್ಕೆ ಝಾಡಿಸಬೇಕಂತೆ. "ಟಕ್ ಅಂತ ಬಿಚ್ಕೊಳ್ತದೆ ನೋಡಿ." ಬಿಚ್ಚಿಕೊಳ್ಳಬಹುದು. ಎರಡು ಬೆರಳು ಜಾರಿದರೆ ಬಿಚ್ಚಿದ ಚಾಕು ಯಾರ ಪಾದದ ಮೇಲೆ ಟಕ್ ಎನ್ನುತ್ತದೆ? ಬಸ್ಸಿನಲ್ಲಿ ಪಾದಗಳಿಗೆ ಬರವೇ?

ಬುಟ್ಟಿಯ ಹೆಂಗಸು ಬುಟ್ಟಿಯನ್ನು ಕೆಳಗಿಟ್ಟು, "ಅಲ್ಲ ಕಣಜ್ಜೀ, ಪಕ್ಕದಲ್ಲಿ ನಾನಿವ್ನಿ, ನಂಗೆ ಕೊಟ್ರೆ ತೆಗೆದುಕೊಡಾಕಿಲ್ವಾ?" ಎಂದಳು. ಸಂತೋಷವಾಗಿ ಚಾಕು ಚಾಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಕೈಗೆ ಕೊಡಬ್ಯಾಡಿ! ಸೀಟ್ ಮ್ಯಾಲೆ ಇಡಿ, ಎತ್ಕತೀನಿ. ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ."

ನಮ್ಮಲ್ಲಿ ಇದು ಯಾರಿಗೆ ಗೊತ್ತಿಲ್ಲ? ಚಾಕು, ಕತ್ತರಿ, ಉಪ್ಪು, ಮೆಣಸಿನಕಾಯಿ, ಇವು ಯಾವುದೂ ಕೈಯಿಂದ ಕೈಗೆ ದಾಟಬಾರದು. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನನ್ನ ಕಾನ್ವೆಂಟ್ ಇಂಗ್ಲಿಷ್ ನನಗೆ ಶೇಕ್‌ಹ್ಯಾಂಡ್ ಕಲಿಸಿತು, ಈ ಪದ್ಧತಿಯನ್ನು ಬಿಡಿಸಲು ಅದರಿಂದ ಆಗಲಿಲ್ಲ. ಇಟ್ಟೆ. ಎತ್ತಿಕೊಂಡಳು. ಬಿಚ್ಚಿದಳು. ನೋಡಿ ಮೆಚ್ಚಿದಳು. ಮಡಿಸಿ ಸೀಟಿನ ಮೇಲಿಟ್ಟಳು.

"ಮಡಿಸಿಬಿಟ್ಟೆಯಲ್ಲಮ್ಮ!"

"ಮತ್ತೆ? ಬಿಚ್ಚಿದ್ದು ಸೀಟ್ ಮ್ಯಾಲೆ ಇಡಕಾಯ್ತದಾ?"

ಲಾಜಿಕ್ ಸರಿಯಾಗಿತ್ತು.

ಇಲ್ಲಿ ನನ್ನ ಸ್ವಂತ ಪದ್ಧತಿ ಹೇಳಿಬಿಡುತ್ತೇನೆ. ಹುಡುಗಿಯಾಗಿದ್ದಾಗ ಕಾನ್ವೆಂಟಿನ ತೋಟದಲ್ಲಿ ನನಗೆ ಕಸಿ ಕಲಿಸಿದವರು ಒಬ್ಬ ಸಿಸ್ಟರ್. ಉದ್ದನೆಯ ಬಿಳಿ ಉಡುಪು, ಕೆಳಗೆ ಕೆಸರು ಮೆತ್ತಿದ ಗಂಡಸರ ಬೂಟು. ಒಂದು ಕೈಯಲ್ಲಿ ಮುಳ್ಳಿನ ಕೊಂಬೆ ಬಗ್ಗಿಸಿ ಹಿಡಿದಿರುತ್ತಿದ್ದರು, ಇನ್ನೊಂದು ಕೈಯಲ್ಲೇ ಚಾಕು ಬಿಚ್ಚುತ್ತಿದ್ದರು. "ಅವೇ ಫ್ರಮ್ ಯೂ, ಗರ್ಲ್ಸ್! ಆಲ್ವೇಸ್ ಅವೇ ಫ್ರಮ್ ಯೂ!" ಆ ಧ್ವನಿ ಈಗ ಭೂಮಿಯ ಮೇಲಿಲ್ಲ. ಗುಲಾಬಿ ಕಂಡಾಗಲೆಲ್ಲ ನನಗೆ ಕೇಳಿಸುತ್ತದೆ, ಬೂಟು ಸಹಿತ.

ಅವರ ಪದ್ಧತಿ ಹೀಗೆ. ಕೊನೆಯ ಮೂರು ಬೆರಳು ಹಿಡಿಯನ್ನು ಆತುಕೊಂಡಿರಬೇಕು, ತುದಿಗಳು ಹಿಡಿಯ ಪಕ್ಕದಲ್ಲೇ ನಿಲ್ಲಬೇಕು. ಅಲಗು ಮಲಗುವ ಸಂದಿಯ ಮೇಲೆ ಬೆರಳು ಬರಲೇಬಾರದು. ಹೆಬ್ಬೆರಳ ಉಗುರು ಗೀರಿಗೆ. ನಿಧಾನವಾಗಿ ಹೊರಕ್ಕೆ ನೂಕು. ಅರ್ಧ ಬಿಚ್ಚಿದ ಚಾಕು ಬಹಳ ಡೇಂಜರ್, ಅದರ ಸ್ಪ್ರಿಂಗ್ ಮುಂದೆ ಹೋಗಲೋ ಹಿಂದೆ ಬರಲೋ ಎಂದು ಯೋಚಿಸುತ್ತಿರುತ್ತದೆ (ನಮ್ಮ ಕೆಲವು ನೆಂಟರ ಹಾಗೆ). ಆಗ ಅಲಗಿನ ಗೀರನ್ನು ಮೇಜಿನ ಅಂಚಿಗೋ ಮರಕ್ಕೋ ಸಿಕ್ಕಿಸಿ, ಹಿಡಿಯನ್ನು ಎಳೆದು ಪೂರ್ತಿ ಮಾಡಬೇಕು. ಝಾಡಿಸುವುದು, ಕಚ್ಚುವುದು, ಶೋ ಮಾಡುವುದು ಎಲ್ಲ ಬೇಡ. ಕೀಲಿಗೆ ಆಗಾಗ ಒಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಇದು ಹದಿನಾರರ ಹೆಬ್ಬೆರಳಿಗೆ ಹೇಳಿದ ಪಾಠ. ಈಗಿನದಕ್ಕೆ ಗಂಟುಗಳಿವೆ. ಗುಬ್ಬಿ ಬರುವ ಹೊತ್ತಿಗೆ ಮೂರಕ್ಕೆ ಒಂದು ಸಾರಿ ಬಿಚ್ಚುತ್ತಿತ್ತು.

ಸಕೀನಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಪ್ಲಾಸ್ಟರ್ ಮುಟ್ಟಿ ನೋಡಿ, "ಯಾ ಅಲ್ಲಾ, ಇಷ್ಟು ದಪ್ಪನಾ! ಈ ಕೈಯಲ್ಲಿ ಏನು ಮಾಡ್ತೀರಕ್ಕ?" ಎಂದಳು.

"ಈ ಕೈಯಲ್ಲಿ ಏನೂ ಇಲ್ಲ. ಆ ಕೈಯಲ್ಲಿ ಕೊಯ್ತೀನಿ. ಹಿಡಿಯೋದು, ಕಟ್ಟೋದು ನಿಂದು."

ಅವಳ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು. ಹತ್ತಿರದ್ದೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತದಂತೆ. ಅವಳಿಗೆ ಎರಡು ಕೈ, ಅರ್ಧ ಕಣ್ಣು. ನನಗೆ ಎರಡು ಕಣ್ಣು, ಒಂದು ಕೈ. ಇಬ್ಬರನ್ನೂ ಸೇರಿಸಿದರೆ ಒಬ್ಬ ಮಾಲಿ ಆಗುವುದು ಸ್ವಲ್ಪ ಕಷ್ಟವೇ. ಬೆಳಗಾದರೆ ಗುದ್ದಲಿ ಬರುತ್ತದೆ.

ರಶೀದ್ ಸಾಬರು ಅಂಗಡಿಗೆ ಹೊರಟವರು ನನ್ನ ಪ್ರಾಕ್ಟೀಸ್ ನೋಡಿ ನಿಂತರು. "ಅಕ್ಕ, ಅಲಗಿಗೆ ಒಂದು ಸಣ್ಣ ಮೊಳೆ ಬೆಸುಗೆ ಹಾಕ್ಕೊಡ್ಲಾ? ಹೆಬ್ಬೆಟ್ಟಿಗೆ ಸಿಗ್ತದೆ, ಹಿಂಗಂದ್ರೆ ತೆಗೀತದೆ."

"ಇದು ಚಾಕು ಸಾಬ್ರೇ, ಟ್ರಂಕ್ ಅಲ್ಲ."

"ಟ್ರಂಕ್ ಆಗಿದ್ರೆ ಇಷ್ಟೊತ್ತಿಗೆ ತೆಗೆದಿರ್ತಿದ್ರಿ" ಎಂದು ಹೇಳಿ ಹೋದರು. (ಆಮೇಲೆ ಯೋಚಿಸಿದೆ, ಐಡಿಯಾ ಕೆಟ್ಟದ್ದೇನಲ್ಲ. ಮುಂದೆ ಯಾವನಾದರೂ ಬುದ್ಧಿವಂತ ಇದನ್ನು ಮಾಡಿ ಮಾರಬಹುದು. ನನ್ನ ಚಾಕುವಿಗೆ ಮಾತ್ರ ಬೇಡ.)

ಮೊದಲ ಡಬ್ಬ. ಸಕೀನಾ ಕೊಂಬೆ ಬಗ್ಗಿಸಿ ಹಿಡಿದಳು. ನಾನು ಮಣೆಯ ಮೇಲೆ ಕೂತು ಕಣ್ಣು ಹೆರೆದೆ, ಕಾಂಡ ಗೀರಿದೆ, ಕಣ್ಣನ್ನು ಒಳಗೆ ಜಾರಿಸಿದೆ. ಬಾಳೆ ನಾರು ಕಟ್ಟುವುದು ಅವಳ ಕೆಲಸ. ಬೆರಳಿನ ಸ್ಪರ್ಶದಲ್ಲೇ ಕಟ್ಟಿದಳು, ತುದಿ ಕತ್ತರಿಸಲು ಚಾಕು ಕೇಳಿದಳು. ನಾನು ಕಲ್ಲಿನ ಮೇಲೆ ಇಟ್ಟೆ. ಎತ್ತಿಕೊಂಡಳು, ಕತ್ತರಿಸಿದಳು, ಸೆರಗಿಗೆ ಒರೆಸಿದಳು, ಮಡಿಸಿದಳು, ಕಲ್ಲಿನ ಮೇಲಿಟ್ಟಳು.

"ಮಡಿಸಬೇಡ ಕಣೇ! ನನಗೆ ಬಿಚ್ಚೋಕೆ ಎಷ್ಟು ಕಷ್ಟ ಗೊತ್ತಾ?"

"ಬಾಯಿ ಬಿಟ್ಟಿರೋ ಚಾಕು ಕೆಳಗಿಡಬಾರ್ದು ಅಕ್ಕ. ನಮ್ಮತ್ತೆ ಹೇಳ್ತಿದ್ರು, ರಕ್ತ ಕೇಳ್ತದಂತೆ."

"ಹಾಗಾದ್ರೆ ಕೈಗೇ ಕೊಡು."

"ತೋಬಾ! ನಮ್ಮಿಬ್ರಿಗೂ ಜಗಳ ಆಗ್ಬಿಟ್ರೆ?"

"ಈಗ ಆಡ್ತಾ ಇರೋದೇನು ಮತ್ತೆ?"

ನಕ್ಕಳು. ಆದರೆ ಎರಡನೆಯ ಡಬ್ಬಕ್ಕೂ ಮಡಿಸಿಯೇ ಇಟ್ಟಳು. ಮೂರನೆಯದಕ್ಕೂ. ಅವಳಿಗೆ ಅದು ಅಭ್ಯಾಸವಷ್ಟೇ ಅಲ್ಲ, ನನ್ನ ಮೇಲಿನ ಕಾಳಜಿ. ಒಂಟಿಗೈಯ ಮುದುಕಿಯ ಕಾಲ ಬಳಿ ಬರಿಯ ಅಲಗು ಬಿಟ್ಟು ಹೋಗಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮ ಜನರ ಪ್ರೀತಿ ಎಷ್ಟು ಸಾರಿ ಹೀಗೆಯೇ ಇರುತ್ತದಲ್ಲವೇ? ನಿಮಗೆ ಗಾಯವಾಗಬಾರದೆಂದು ನಿಮ್ಮ ಕೆಲಸವನ್ನೇ ಮಡಿಸಿ ಇಡುತ್ತಾರೆ. ಬೈಯುವುದು ಹೇಗೆ?

ನಾಲ್ಕನೆಯ ಡಬ್ಬಕ್ಕೆ ಬರುವಾಗ ಬಿಸಿಲು ಗೋಡೆ ಹತ್ತಿತ್ತು. ಕೊಂಬೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಕಣ್ಣನ್ನು ಹೆರೆದೆ. ಅಷ್ಟರಲ್ಲಿ ಸಕೀನಾ ಕಾಡುಗುಲಾಬಿಯ ಕಾಂಡ ತಡವಿ, "ಇಲ್ಲೊಂದು ಮುಳ್ಳು ಅದೆ ಅಕ್ಕ, ನಿಮಗೆ ಚುಚ್ತದೆ" ಎಂದಳು. ಚಾಕು ಕಲ್ಲಿನ ಮೇಲಿಟ್ಟು, ಹೆರೆದ ಕಣ್ಣನ್ನು ಎರಡು ತುಟಿಗಳ ನಡುವೆ ಇಟ್ಟುಕೊಂಡೆ. ಕಸಿ ಕಟ್ಟುವವರು ಹಾಗೆಯೇ ಮಾಡುವುದು, ಬಾಯಿಯ ತೇವಕ್ಕೆ ಅದು ಒಣಗುವುದಿಲ್ಲ. ಆದರೆ ಮಾತಾಡುವಂತಿಲ್ಲ. ಸಕೀನಾ ಚಾಕು ಎತ್ತಿಕೊಂಡು ಮುಳ್ಳು ತೆಗೆದಳು. ಒರೆಸಿದಳು. ಮಡಿಸಿದಳು!

"ಉಂ! ಉಂ ಉಂ!" ಎಂದೆ.

"ಏನಕ್ಕ? ನೀರು ಬೇಕಾ?"

ತಲೆ ಅಲ್ಲಾಡಿಸಿದೆ. ಅವಳಿಗೆ ಕಾಣಲಿಲ್ಲ. ನೀರು ತರಲು ಒಳಗೆ ಹೋದಳು.

ಹಿತ್ತಲಲ್ಲಿ ನಾನು, ಮುಚ್ಚಿದ ಚಾಕು, ತುಟಿಯಲ್ಲಿ ಕಾದಿರುವ ಕಣ್ಣು. ಹೆಬ್ಬೆರಳು ಗೀರಿಗೆ ಇಟ್ಟೆ. ಜಾರಿತು, ಹಿಡಿಯೆಲ್ಲ ಗಿಡದ ರಸ. ಮತ್ತೆ ಇಟ್ಟೆ. ಅಲಗು ಅರ್ಧ ಬಂತು, ನಿಂತಿತು, ಯೋಚಿಸಿತು, ಟಪ್ಪೆಂದು ಹಿಂದಕ್ಕೆ ಹೊಡೆಯಿತು. ಬೆರಳು ನೋಡಿಕೊಂಡೆ, ಮೂರೂ ಸಂದಿಯ ಪಕ್ಕದಲ್ಲಿ ಶಿಸ್ತಾಗಿ ಕೂತಿದ್ದವು. ಥ್ಯಾಂಕ್ ಯೂ, ಸಿಸ್ಟರ್.

ಹೆಬ್ಬೆರಳಿಗೆ ಇನ್ನು ಶಕ್ತಿ ಇರಲಿಲ್ಲ. ಮೇಜಿಲ್ಲ. ಗೋಡೆ ದೂರ. ಪಕ್ಕದ ಕಲ್ಲು ಸವೆದು ನುಣ್ಣಗಾಗಿದೆ. ಎದ್ದು ಹೋಗಬೇಕಾದರೆ ಒಂದು ಕೈ ಊರಬೇಕು, ಆ ಕೈಯಲ್ಲೇ ಚಾಕು. ಅಂಚು ಬೇಕಾಗಿತ್ತು, ಗಟ್ಟಿಯಾದ, ಒರಟಾದ ಒಂದು ಅಂಚು.

ಎದೆಯ ಮೇಲೆ, ಕೈ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತಲ್ಲ!

ಇಷ್ಟು ದಿನ ಆ ಪ್ಲಾಸ್ಟರನ್ನು ದಂಡ, ಭಾರ, ಪೀಡೆ ಎಂದು ಬೈದುಕೊಂಡೇ ಹೊತ್ತಿದ್ದೆ. ಜೋಳಿಗೆಯಿಂದ ಕೈ ಹೊರತೆಗೆದು ತೊಡೆಯ ಮೇಲೆ ಊರಿದೆ. ಮುಚ್ಚಿದ ಚಾಕುವಿನಲ್ಲಿ ಅಲಗಿನ ಬೆನ್ನು ಒಂದಿಷ್ಟು ಮೇಲೆದ್ದಿರುತ್ತದೆ. ಅದರ ಪಕ್ಕದ ಗೀರನ್ನು ಪ್ಲಾಸ್ಟರಿನ ಅಂಚಿಗೆ ಸಿಕ್ಕಿಸಿ, ಹಿಡಿಯನ್ನು ನಿಧಾನವಾಗಿ ಎಳೆದೆ. ಒರಟು ಸುಣ್ಣ ಅಲಗನ್ನು ಕಚ್ಚಿ ಹಿಡಿಯಿತು. ಹಿಡಿ ಇತ್ತ, ಅಲಗು ಅತ್ತ. ಅಲಗಿನ ಬಾಯಿ ನನ್ನಿಂದ ಆಚೆಗೆ. ಅರ್ಧ ದಾಟಿತು. ಕಟ್ ಎಂದು ಪೂರ್ತಿ ನಿಂತಿತು.

ಸಕೀನಾ ಲೋಟ ಹಿಡಿದು ಬರುವ ಹೊತ್ತಿಗೆ ಕಣ್ಣು ಕಾಂಡದೊಳಗೆ ಕೂತಾಗಿತ್ತು. "ಬಾಯಲ್ಲೇನಿತ್ತು ಅಕ್ಕ? ಎಲೆ ಅಡಿಕೆ ಹಾಕ್ಕೊಂಡಿದ್ರಾ?" ಎಂದು ಕೇಳಿದಳು. ನಾನು ನೀರು ಕುಡಿದೆ. ನಿಜವಾಗಿಯೂ ಬಾಯಾರಿತ್ತು. ಅವಳು ಕಟ್ಟಿದಳು. ಚಾಕು ಮಡಿಸಿ ಇಟ್ಟಳು. ಈ ಸಾರಿ ಮಡಿಸಿದ್ದು ಸರಿಯಾಗಿಯೇ ಇತ್ತು.

ಹೊರಡುವ ಮೊದಲು ಇಬ್ಬರೂ ಗಿಡದ ಮುಂದೆ ಸ್ವಲ್ಪ ನಿಂತೆವು. ಉಳಿದಿದ್ದ ಹೂಗಳನ್ನೆಲ್ಲ ಸಕೀನಾ ಬಿಡಿಸಿಕೊಂಡಳು. ಕೊನೆಗೆ ಬುಡಕ್ಕೆ ಒಂದು ಚೊಂಬು ನೀರು ಹಾಕಿದಳು. ನಾಳೆ ಅಗೆದು ಎಸೆಯುವ ಗಿಡಕ್ಕೆ.

ಮರುದಿನ ಗುಂಡಿ ತೋಡಿದರು.

ಮೂಳೆ ಡಾಕ್ಟರು ಪ್ಲಾಸ್ಟರ್ ಕತ್ತರಿಸುವಾಗ ಅಂಚಿನ ಗೀರುಗಳನ್ನು ನೋಡಿ, "ಮೇಡಂ, ಏನಿದು? ಬೆಕ್ಕು ಪರಚಿತಾ?" ಎಂದರು. ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟು, "ಹಾಗಲ್ಲ ಮೇಡಂ, ಒಂದೇ ಕೈಯಲ್ಲಿ ತೆಗೆಯೋದಾದ್ರೆ ಪ್ಯಾಂಟಿನ ಜೇಬಿನ ಅಂಚಿಗೆ..." ಎಂದು ಶುರು ಮಾಡಿದರು. ನೋಡಿದಿರಾ? ಎರಡು ಕೈ ಇದ್ದವರೆಲ್ಲರ ಬಳಿಯೂ ಒಂದೇ ಕೈಯ ಬಗ್ಗೆ ಒಂದು ಸಲಹೆ ಇರುತ್ತದೆ. ಸೀರೆಗೆ ಜೇಬು ಎಲ್ಲಿಂದ ತರಲಿ ಎಂದು ಯಾರೂ ಯೋಚಿಸುವುದಿಲ್ಲ.

ಮೊನ್ನೆ ಭಾನುವಾರ ಗುಬ್ಬಿಗೆ ಹೋಗಿದ್ದೆ, ಈ ಸಾರಿ ಎರಡು ಕೈಗಳೊಂದಿಗೆ. ಒಂದು ಡಬ್ಬದಲ್ಲಿ ಕಪ್ಪು ಚುಕ್ಕೆ. ಉಳಿದ ಮೂರರಲ್ಲಿ ಕೆಂಪು ಚಿಗುರು, ಅಕ್ಕಿಕಾಳಿನಷ್ಟು. ಸಕೀನಾಗೆ ಸರಿಯಾಗಿ ಕಾಣುವುದಿಲ್ಲ. ನನ್ನ ಬೆರಳು ಹಿಡಿದು ಚಿಗುರಿನ ಮೇಲೆ ಇಡಿಸಿದಳು, ಆಮೇಲೆ ತನ್ನದನ್ನು ಇಟ್ಟಳು. "ಇದೆ ಕಣಕ್ಕ" ಎಂದಳು. "ಇದೆ, ಇದೆ." ಒಂದು ಕುಣಿಗಲ್ಲಿಗೆ ಶಮೀಮಳ ಮನೆಗೆ. ಒಂದು ಸಕೀನಾಳ ಮೆಟ್ಟಿಲ ಬಳಿ. ಇನ್ನೊಂದು ನನಗೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಓನರ್ ಬಂದರು, ಟ್ಯಾಂಕಿನ ಗಾರೆ ನೋಡಲು. ಡಬ್ಬಗಳನ್ನು ಕಂಡು ನಿಂತರು. ಗಂಟಲು ಸರಿಮಾಡಿಕೊಂಡರು.

"ಅದೇ ಗುಲಾಬೀನೇನಮ್ಮ? ನಮ್ಮ ಮನೆಯವ್ಳು ಆವತ್ತಿಂದ ಬೈತಾವ್ಳೆ, ಅಂಥ ಗಿಡ ತೆಗೆಸಿಬಿಟ್ರಲ್ಲ ಅಂತ. ಒಂದು ಡಬ್ಬ ನಮಗೂ ಕೊಡು."

ನಾನು ಬಾಯಿ ತೆರೆಯುವ ಮೊದಲೇ ಸಕೀನಾ ಹೇಳಿದಳು: "ಕೊಡೋಣ ಬಿಡಿ ಸ್ವಾಮಿ. ಚಿಗುರು ಬಲೀಲಿ, ಒಂದು ಕಣ್ಣು ಕೊಡ್ತೀನಿ. ನೀವೇ ಕಟ್ಕೊಳ್ಳಿ, ನಮ್ಮಕ್ಕನ ಥರ ಒಂದೇ ಕೈಯಲ್ಲಿ."

ಕಣ್ಣು ಅವಳದು, ಕೊಡಲಿ. ಚಾಕು ಮಾತ್ರ ನಾನು ಆ ಮನುಷ್ಯನಿಗೆ ಕಲ್ಲಿನ ಮೇಲಿಟ್ಟೂ ಕೊಡುವುದಿಲ್ಲ.